ಲುಸಿಯಾಗೆ ಇಟ್ಟ ಎಡೆ

ವೀರಮ್ಮ ಪರಮಶಿವಪ್ಪನನ್ನು ಮೊದಲ ಸಲ ಕಂಡ ದಿನ ಅವನು ಊಟಕ್ಕೆ ಕೂತಿದ್ದ, ಆದರೆ ಉಣ್ಣುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಶಿಕಾರಿಪುರದ ಬಸ್‌ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದಳು. ಅಡುಗೆಮನೆಯ ಗೋಡೆಗೆ ಒರಗಿ ಈ ಮುದುಕ ಕಣ್ಣು ಮುಚ್ಚಿದ್ದ. ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು.

"ರೊಟ್ಟಿ ಸೆಟೆದು ಹೋದ್ವಲ್ರೀ, ನಿದ್ದೆ ಮಾಡಾಕೆ ಬಂದೀರೇನು?"

"ಇಲ್ರಕ್ಕ, ಸದ್ದು ಕೇಳಾಕೆ ಬಂದೀನಿ."

"ಸದ್ದಿಗೇ ಹೊಟ್ಟೆ ತುಂಬೋದಾದ್ರೆ ನಾನ್ಯಾಕೆ ಈ ಬೆಂಕಿ ಮುಂದೆ ಬೇಯ್ತಿದ್ದೆ?"

ಅವನು ನಗಲಿಲ್ಲ. "ನೀವು ಒಂದು ಕೈಯಾಗೆ ಹಲಗೆ ಮ್ಯಾಲೆ ಬಡೀತೀರಿ. ಅವಳು ಎರಡು ಅಂಗೈ ನಡುವೆ ಬಡೀತಾಳೆ. ನಿಮ್ಮ ಸದ್ದು ಇರೋ ತನಕ ಅವಳದ್ದು ಕೇಳ್ಸಲ್ಲ."

ಅವಳು ಎಂದರೆ ಲುಸಿಯಾ. ಇಷ್ಟು ತಿಳಿಯಲು ವೀರಮ್ಮನಿಗೆ ಒಂದು ಮಳೆಗಾಲವೇ ಹಿಡಿಯಿತು. ತಾಳಗುಂದದ ಪರಮಶಿವಪ್ಪ ಹರೆಯದಲ್ಲಿ ಹಡಗಿನ ಅಡುಗೆಗೆ ಸೇರಿ, ಕೊನೆಗೆ ಮೆಕ್ಸಿಕೊ ದೇಶದ ಒಂದು ಬೆಟ್ಟದೂರಿನಲ್ಲಿ ಹೋಟೆಲಿನ ಅಡುಗೆಯವನಾಗಿ ನಿಂತಿದ್ದ. ಅದೇ ಬೀದಿಯಲ್ಲಿ ಮೆಕ್ಕೆಜೋಳದ ರೊಟ್ಟಿ ಮಾರುತ್ತಿದ್ದ ಲುಸಿಯಾಳನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಅವ್ವ ಹಾಸಿಗೆ ಹಿಡಿದಳೆಂದು ಅವನು ಊರಿಗೆ ಬಂದಿದ್ದಾಗ ಅಲ್ಲಿ ಲುಸಿಯಾ ಜ್ವರದಲ್ಲಿ ಹೋದಳು. ಇವನು ಮಣ್ಣಿಗೂ ಸಿಗಲಿಲ್ಲ. ಅಂದಿನಿಂದ ತಾಳಗುಂದದ ಮನೆಯಲ್ಲಿ ಕೋಳಿ ಕೂಗುವ ಮೊದಲೇ ಯಾರೋ ರೊಟ್ಟಿ ಬಡಿಯುವ ಸದ್ದು. ಮನೆ ಬಿಟ್ಟು ಎಲ್ಲಿಗೆ ಹೋದರೂ ಅದು ಅವನ ಕಿವಿ ಬಿಡುತ್ತಿರಲಿಲ್ಲ.

"ಹಸಿದು ಬರ್ತಾಳ್ರಕ್ಕ. ಅಲ್ಲಿ ಅವಳಿಗೆ ಎಡೆ ಇಡೋರಿಲ್ಲ. ಅವರಲ್ಲೂ ಹಿರಿಯರ ಹಬ್ಬ ಐತೆ, ನಮ್ಮ ದೀಪಾವಳಿ ಆಸುಪಾಸಿಗೇ. ಚೆಂಡುಹೂವಿನ ಎಸಳು ಚೆಲ್ಲಿ ಹೋದೋರಿಗೆ ಮನೆತನಕ ದಾರಿ ಮಾಡ್ತಾರೆ. ಹೋದ ವರ್ಷ ನಾನೂ ಚೆಲ್ಲಿದೆ, ಜೋಳದ ರೊಟ್ಟಿ ಇಟ್ಟೆ. ಸದ್ದು ನಿಲ್ಲಲಿಲ್ಲ. ಅದು ಅವಳ ಊಟ ಅಲ್ವಲ್ಲ."

ವೀರಮ್ಮ ಕೂಡ ಗಂಡನಿಗೆ ಎಡೆ ಇಡುವವಳು. ಅವನಿಗೆ ಎಣ್ಣೆಗಾಯಿ ಖಾರವಾಗಿರಬೇಕು. ಸತ್ತನೆಂದು ಅವಳು ಖಾರ ಕಡಿಮೆ ಮಾಡಿರಲಿಲ್ಲ. "ಅವಳ ರೊಟ್ಟಿ ನಾನು ಮಾಡ್ಕೊಡ್ತೀನಿ" ಎಂದಳು.

ಖಾನಾವಳಿಯಲ್ಲಿ ಈರುಳ್ಳಿ ಹೆಚ್ಚುವ ಚೌಡಪ್ಪ ರೇಗಿಸಿದ: "ಏನ್ ವೀರಕ್ಕ, ಸತ್ತೋರಿಗೆ ಕೋಳಿಗೆ ಹಾಕೋ ಮೆಕ್ಕೆಜೋಳ ಇಡ್ತೀಯಾ?" ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸುತ್ತೆಲ್ಲ ಬೆಳೆದು, ರಸ್ತೆಯ ಮೇಲೆ ಒಣಗಿಸಿ, ಲಾರಿಗೆ ತುಂಬಿ ಕಳಿಸುವ ಕಾಳು ಅದು. ಒಲೆಯ ತನಕ ಬರುವುದು ಅಪರೂಪ.

ಅವಳಿಗೆ ಗೊತ್ತಿದ್ದುದು ಒಂದೇ ದಾರಿ. ಗಿರಣಿಯಲ್ಲಿ ಬೀಸಿಸಿ, ಬಿಸಿನೀರು ಹಾಕಿ ನಾದಿದಳು. ಅಂಚು ಬಿರಿದು ರೊಟ್ಟಿ ಹೆಂಚಿನ ಮೇಲೆ ಹೋಳಾಯಿತು. ಪರಮಶಿವಪ್ಪ ಚೂರನ್ನು ಮೂಗಿಗೆ ಹಿಡಿದು ತಲೆಯಾಡಿಸಿದ.

"ಅವಳ ರೊಟ್ಟಿ ವಾಸನೆಯೇ ಬೇರೆ."

"ಹೆಂಡತಿ ಹೆಂಗೆ ಮಾಡ್ತಿದ್ಲು, ನೋಡ್ಲಿಲ್ವೇನ್ರೀ? ಅಡುಗೆಯೋರಂತೆ!"

"ಅವಳ ಒಲೆ ಮುಂದೆ ನಾನು ಕೂತಿದ್ದು ಉಣ್ಣಾಕೆ, ಕಲಿಯಾಕಲ್ಲ. ಹಬ್ಬಕ್ಕೆ ಸುಣ್ಣ ಬಳಿದ ಗೋಡೆ ಹಸಿ ಇರುತ್ತಲ್ಲ, ಹಂಗಿರೋ ವಾಸನೆ."

ವೀರಮ್ಮ ಸೊಂಟದ ಎಲೆಚೀಲ ಬಿಚ್ಚಿ ಸುಣ್ಣದ ಡಬ್ಬಿಯನ್ನು ಬಹಳ ಹೊತ್ತು ನೋಡಿದಳು.

ಆ ರಾತ್ರಿ ಹಿಟ್ಟು ಬಿಟ್ಟು ಕಾಳನ್ನೇ ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಲು ಬಿಟ್ಟಳು. ಬೆಳಗ್ಗೆ ಉಜ್ಜಿದರೆ ಸಿಪ್ಪೆ ಜಾರಿ ಬಂತು. ಮೊದಲ ಸಲ ತೊಳೆದದ್ದು ಸಾಲದೆ ನಾಲಿಗೆ ಸುಟ್ಟಿತು. ಮುಂದಿನ ಸಲ ನೀರು ತಿಳಿಯಾಗುವ ತನಕ ತೊಳೆದು ಒರಳಿನಲ್ಲಿ ಗಟ್ಟಿಯಾಗಿ ರುಬ್ಬಿದಳು. ಜೇಡಿಮಣ್ಣಿನ ಹಾಗೆ ಮೆತ್ತಗೆ, ಹೇಳಿದಂತೆ ಕೇಳುವ ಹಿಟ್ಟು. ಲುಸಿಯಾಳ ಹಾಗೆ ಅಂಗೈಗಳ ನಡುವೆ ಬಡಿಯಲು ಹೋದರೆ ಮಾತ್ರ ಪ್ರತಿ ಸಲವೂ ಹರಿಯಿತು. ಕೊನೆಗೆ ಬಾಳೆ ಎಲೆಯ ಮೇಲೆ ಒಂದು ಕೈಯಲ್ಲೇ ತಟ್ಟಿದಳು. ಹೆಂಚಿನ ಮೇಲೆ ಅದು ಉಬ್ಬಿತು. ವಾಸನೆ ಎದ್ದದ್ದೇ ತಡ, ಪರಮಶಿವಪ್ಪ ಎದ್ದು ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ದೀಪಾವಳಿ ಅಮಾವಾಸ್ಯೆಗೆ ತಾಳಗುಂದದ ಮನೆಯಲ್ಲಿ ಎಡೆ ಇಟ್ಟರು. ಆ ರೊಟ್ಟಿ, ಉಪ್ಪು ಹಾಕಿ ಬೇಯಿಸಿದ ಕರಿ ಅಲಸಂದೆ, ಹೆಂಚಿನಲ್ಲಿ ಸುಟ್ಟು ಅರೆದ ಟೊಮೆಟೊ ಮೆಣಸಿನಕಾಯಿ ಚಟ್ನಿ, ಒಂದು ಲೋಟ ನೀರು. ಬೀದಿಯಿಂದ ಹೊಸಿಲ ತನಕ ಚೆಂಡುಹೂವಿನ ಎಸಳು.

ಮರುದಿನ ಅವನು ಖಾನಾವಳಿಗೆ ಬಂದಾಗ ಮುಖದಲ್ಲಿ ಕಳೆ ಇರಲಿಲ್ಲ.

"ಸದ್ದು ನಿಂತೈತ್ರಕ್ಕ."

"ಒಳ್ಳೇದಾತಲ್ಲ!"

"ಉಂಡು ಹೋದ್ಲು. ನನ್ನ ಕರೀಲಿಲ್ಲ. ಮನೆ ಈಗ ಬಿಕೋ ಅಂತೈತೆ. ಇನ್ನು ಬರ್ತಾಳೋ ಇಲ್ವೋ."

ಆಮೇಲೆ ಅವನು ಗೋಡೆಗೆ ಒರಗಿ ಕೂರಲಿಲ್ಲ. ಮರೆಸಬೇಕಾದ ಸದ್ದೇ ಇರಲಿಲ್ಲ. ಉಣ್ಣುವುದು ಕಡಿಮೆಯಾಯಿತು. ಮುಂದಿನ ಮಳೆ ಮುಗಿಯುವಷ್ಟರಲ್ಲಿ ಸೊರಬದ ಕಡೆ ಜಡೆಯಲ್ಲಿದ್ದ ತಂಗಿ ಅವನನ್ನು ತನ್ನ ಮನೆಗೆ ಕರೆದೊಯ್ದಳು.

ದೀಪಾವಳಿ ಹತ್ತಿರ ಬಂದಾಗ ವೀರಮ್ಮ ಅದೇ ರೊಟ್ಟಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಜಡೆಯ ಬಸ್‌ ಹತ್ತಿದಳು.

"ನಿನ್ನೆಯಿಂದ ಒಂದು ತೊಟ್ಟು ನೀರೂ ಇಳ್ದಿಲ್ಲ ಮಾರಾಯ್ತಿ" ಎಂದು ತಂಗಿ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. ಅದು ಅನ್ನ ಉಣ್ಣುವ ಮನೆ; ರೊಟ್ಟಿ ಬಡಿಯುವವರು ಅಲ್ಲಿ ಯಾರೂ ಇರಲಿಲ್ಲ. ಒಲೆಯೂ ಆರಿತ್ತು.

ವೀರಮ್ಮ ಮಂಚದ ಪಕ್ಕ ಕೂತು ಗಂಟನ್ನು ಮಡಿಲಲ್ಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡಳು. ಪರಮಶಿವಪ್ಪ ಕಣ್ಣು ಮುಚ್ಚಿಯೇ ಅಡುಗೆಮನೆಯ ಕಡೆ ಕಿವಿ ಕೊಟ್ಟ. ಅವನ ಮುಖ ನಿಧಾನವಾಗಿ ಅರಳಿತು.

"ವೀರಕ್ಕ, ಎರಡು ಕೈಯಾಗೆ ಬಡಿಯೋದು ಯಾವಾಗ ಕಲ್ತ್ರಿ?"