ಈರಪ್ಪ ನೇರ ನೋಡುತ್ತಿರಲಿಲ್ಲ

ಹೆಬಳೆಯ ಈರಪ್ಪ ಹೆಣ್ಣು ನೋಡಲು ಕಾಗಾಲಕ್ಕೆ ಬಂದದ್ದು ೧೯೮೫ರ ಜನವರಿಯಲ್ಲಿ. ಹುಡುಗಿ ಗಂಗೆ. ಅವಳ ಅಪ್ಪ ಬೊಮ್ಮ ದೋಣಿ ಕಟ್ಟುವವನು. ಹುಡುಗ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಲೋಹಕ್ಕೆ ತೂತು ಕೊರೆಯುತ್ತಾನೆ ಎಂದು ಕೇಳಿ ಅವನಿಗೆ ಖುಷಿಯಾಯಿತು.

"ಎಂತದ್ರಲ್ಲಿ ಕೊರೀತೀರಿ? ಬೈರಿಗೆಲಾ?"

"ಬೆಳಕಲ್ಲಿ ಮಾವ. ಲೇಸರ್ ಅಂತಾರೆ. ಆ ಲೋಹಕ್ಕೆ ಬೈರಿಗೆ ಹಾಕಿದ್ರೆ ಬೈರಿಗೆನೇ ಮುರೀತದೆ."

ವಿಮಾನದ ಎಂಜಿನ್ನಿನೊಳಗೆ ಎಲೆಯಂಥ ತುಂಡುಗಳಿರುತ್ತವಂತೆ. ಅವಕ್ಕೆ ಕೂದಲೆಳೆ ಹಾಯುವಷ್ಟು ತೂತುಗಳು. ಅವುಗಳಲ್ಲಿ ತಂಪು ಗಾಳಿ ಓಡಿದರೆ ಅಷ್ಟು ಬೆಂಕಿಯಲ್ಲೂ ತುಂಡು ಕರಗುವುದಿಲ್ಲವಂತೆ. ಇದನ್ನೆಲ್ಲ ಹೇಳುತ್ತಲೇ ಅವನು ಬಾಗಿಲಲ್ಲಿ ನಿಂತ ಗಂಗೆಯನ್ನು ನೇರವಾಗಿ ನೋಡಿ ನಕ್ಕ. ಆ ಒಂದು ನೋಟಕ್ಕೆ ಅವಳು ಮನಸ್ಸಿನಲ್ಲೇ ಒಪ್ಪಿಬಿಟ್ಟಳು.

ಮೇ ತಿಂಗಳಲ್ಲಿ ಮದುವೆಯಾಗಿ ಗಂಗೆ ಹೆಬಳೆಗೆ ಬಂದಳು. ಆದರೆ ಹಾಗೆ ನೋಡಿದವನು ಮತ್ತೆ ಕಾಣಲಿಲ್ಲ. ಅವಳು ಎದುರು ನಿಂತರೆ ಈರಪ್ಪನ ಕಣ್ಣು ಅವಳ ಕಿವಿಯಾಚೆ ಗೋಡೆಯ ಮೇಲಿರುತ್ತಿತ್ತು. ಹೂ ಮುಡಿದು ಬಂದು ನಿಂತರೂ ಅಷ್ಟೆ, ಎತ್ತಲೋ ನೋಡುತ್ತ "ಚಂದ ಇದೆ" ಎನ್ನುತ್ತಿದ್ದ. ಬೆಂಗಳೂರಿನಲ್ಲಿ ಬೇರೆ ಯಾರೋ ಇದ್ದಾಳೆಂದು ಗಂಗೆ ಒಳಗೊಳಗೇ ಬೇಯುತ್ತಿದ್ದಳು. ಮದುವೆಗೆಂದು ಹಾಕಿದ ರಜೆ ಮುಗಿಯಿತೆನ್ನುವ ಮಾತೂ ಅವನ ಬಾಯಲ್ಲಿ ಬರಲಿಲ್ಲ.

ಮಳೆ ಹಿಡಿದ ಮೇಲೆ ಕಾರ್ಖಾನೆಯಿಂದ ಒಂದು ಲಕೋಟೆ ಬಂತು. ಈರಪ್ಪ ಕಾಗದ ಬಿಡಿಸಿ, ಆಚೆ ಈಚೆ ಓರೆ ಹಿಡಿದು ನೋಡಿದ. ಆಮೇಲೆ ಅವಳತ್ತ ಚಾಚಿದ.

"ನೀನೇ ಓದು ಗಂಗೆ."

ಗಂಗೆ ಏಳನೇ ತರಗತಿ ಓದಿದವಳು. ದೃಷ್ಟಿ ಮರಳುವುದಿಲ್ಲ ಎಂದು ವೈದ್ಯರು ತಿಳಿಸಿರುವುದರಿಂದ ಇನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ಸಾಧ್ಯವಿಲ್ಲ ಎಂದಿತ್ತು. ಅವಳು ಅದನ್ನೇ ಎರಡು ಸಲ ಓದಿದಳು.

"ಮಾರ್ಚಲ್ಲಿ ಆತು," ಎಂದ ಈರಪ್ಪ. "ತೂತು ಸರಿ ಬಿತ್ತಾ ನೋಡುಕೆ ಮುಚ್ಚಳ ತೆಗ್ದು ಬಗ್ಗಿದ್ದೆ. ಕಣ್ಣು ಕಾಯೂ ಕನ್ನಡಕ ಹಾಕಿದ್ರೆ ಸಣ್ಣದು ಕಾಣೂದಿಲ್ಲ ಅಂತ ತೆಗ್ದಿಟ್ಟಿದ್ದೆ. ಮಿಷನ್ ನಿಂತಿದೆ ಅಂದ್ಕಂಡಿದ್ದೆ, ನಿಂತಿರಲಿಲ್ಲ. ಆ ಬೆಳಕು ಕಣ್ಣಿಗೆ ಕಾಣೂದೇ ಇಲ್ಲ ಗಂಗೆ. ಲೋಹಕ್ಕೆ ಬಡ್ದು ತಿರುಗಿ ಬಂತು. ನೋವೂ ಆಗಲಿಲ್ಲ. ನಡೂಕೆ ಕಪ್ಪು ಬಿತ್ತು, ಎರಡೂ ಕಣ್ಣಿಗೆ. ಬದಿಯಿಂದ ನೋಡಿದ್ರೆ ಮಸುಕಾಗಿ ಕಾಣ್ತದೆ. ನೇರ ನೋಡಿದ್ರೆ ಎಂತದೂ ಇಲ್ಲ."

"ಮದುವಿಗೆ ಮೊದ್ಲೇ ಹೇಳ್ಬೌದಿತ್ತಲ್ಲ!"

"ಹೇಳಿದ್ರೆ ನೀ ಬತ್ತಿದ್ಯಾ?"

ಗಂಗೆ ಎದ್ದು ಬಟ್ಟೆಯ ಗಂಟು ಕಟ್ಟಿದಳು. ಮರುದಿನ ಬೆಳಗಿನ ಬಸ್ಸಿಗೆ ಕುಮಟೆಗೆ ಹೋಗಿ, ಅಲ್ಲಿಂದ ತವರಿಗೆ ಹೋದಳು. ಬೊಮ್ಮ ಎಲ್ಲ ಕೇಳಿ, "ಇಲ್ಲೇ ಇರು ಮಗಾ. ಯಾರೂ ಎಂತದೂ ಹೇಳೂದಿಲ್ಲ," ಎಂದ. ಅವಳು ಇದ್ದದ್ದು ಎಂಟು ದಿನ. ಸುಳ್ಳು ಹೇಳಿದವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಆದರೆ ಉಣ್ಣಲು ಕೂತಾಗಲೆಲ್ಲ, ತಟ್ಟೆಯಲ್ಲಿ ಮೀನಿನ ಮುಳ್ಳನ್ನು ಬೆರಳಿನಿಂದ ತಡವಿ ತೆಗೆಯುತ್ತಿದ್ದ ಅವನ ಕೈ ಕಣ್ಣಮುಂದೆ ಬರುತ್ತಿತ್ತು. ಒಂಬತ್ತನೆಯ ದಿನ ಹೆಬಳೆಗೆ ಮರಳಿದಳು. ಅವನು "ಬಂದ್ಯಾ" ಎಂದ. ಅಷ್ಟಕ್ಕೇ ಅವಳಿಗೆ ಅಳು ಬಂತು.

ಈರಪ್ಪ ಬಲೆ ನೇಯಲು ಕೂತ. ಆ ಕೆಲಸಕ್ಕೆ ಬೆರಳು ಸಾಕು. ಮರುವರ್ಷ ಮಗಳು ಹುಟ್ಟಿದಳು. ಮಹಾಲಕ್ಷ್ಮೀ ಎಂದು ಹೆಸರಿಟ್ಟರು. ಅವನು ಕೂಸನ್ನು ಎತ್ತಿಕೊಂಡು, ಮುಖವನ್ನು ಅತ್ತ ತಿರುಗಿಸಿ, ಕಣ್ಣಂಚಿನಿಂದ ಎಷ್ಟೋ ಹೊತ್ತು ನೋಡುತ್ತಿದ್ದ. ಮೂಗು ಯಾರದ್ದು, ತುಟಿ ಯಾರದ್ದು ಎಂದು ಗಂಗೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ.

ಮಗಳಿಗೆ ಮೂರು ತುಂಬಿತ್ತು. ಒಂದು ಸಂಜೆ ಹೊಸ ಲಂಗ ಉಟ್ಟು ಅಪ್ಪನೆದುರು ಕುಣಿದಳು. ಅವನು ಎಂದಿನಂತೆ ಬೇಲಿಯತ್ತ ಮುಖ ಮಾಡಿ ನೋಡಿದ. ಹುಡುಗಿ ತಟ್ಟನೆ ನಿಂತು ಅತ್ತೇಬಿಟ್ಟಳು.

"ಅಪ್ಪ ನನ್ನ ನೋಡೂದೇ ಇಲ್ಲ! ಬೇಲಿನೇ ನೋಡ್ತಾನೆ!"

ಗಂಗೆ ಏನೋ ಹೇಳಹೋದಳು. ಈರಪ್ಪ ಕೈಯೆತ್ತಿ ತಡೆದ. ಬಲೆ ಬದಿಗಿಟ್ಟು, ಮಗಳ ದನಿ ಬಂದ ಕಡೆಗೆ ಪೂರ್ತಿ ತಿರುಗಿದ. ಕಣ್ಣನ್ನು ಅವಳ ಮುಖಕ್ಕೆ ನೇರ ಹಿಡಿದು, "ನೋಡ್ತೆ ಇದ್ದೆ ಮಗಾ. ಕುಣಿ," ಎಂದ.

ಹುಡುಗಿ ಕೇಕೆ ಹಾಕಿ ಕುಣಿಯತೊಡಗಿದಳು. ಈರಪ್ಪ ಕಣ್ಣು ಕದಲಿಸಲಿಲ್ಲ. ಹಾಗೆ ನೋಡಿದರೆ ಅವನಿಗೆ ಏನೂ ಕಾಣುವುದಿಲ್ಲವೆಂದು ಅಲ್ಲಿ ಬಲ್ಲವಳು ಗಂಗೆಯೊಬ್ಬಳೇ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.