ಭಾವ ಕೂಡಿಸಿದ ಹಾರ್ನ್

ಭಾವನ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹುಣಸೆಬೀಜದಷ್ಟು ಜಡ್ಡು ಇತ್ತು. ಬಸ್ ಡ್ರೈವರಾಗಿ ಹಾರ್ನ್ ಒತ್ತಿ ಒತ್ತಿ ಬಂದದ್ದು. ಆದರೆ ಊರೊಳಗೆ ಅವರು ಹಾರ್ನ್ ಹಾಕಿದ್ದನ್ನು ನಾನು ಕೇಳಿಲ್ಲ. "ಹಾರ್ನ್ ಇರೂದು ಟರ್ನಿಂಗಿಗೆ, ಮಂದೀಗಲ್ಲ" ಎನ್ನುತ್ತಿದ್ದರು. ಘಟ್ಟದ ಪ್ರತಿ ತಿರುವಿನಲ್ಲಿ ಒಮ್ಮೆ ಒತ್ತಿ, ಎದುರಿನ ಉತ್ತರಕ್ಕೆ ಕಿವಿಗೊಟ್ಟು, ಆಮೇಲೆ ಸ್ಟೇರಿಂಗ್ ತಿರುಗಿಸುವುದು ಅವರ ಪದ್ಧತಿ.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಶಿರಸಿಯ ಅವರ ಮನೆಯೆದುರು ಭಾವ, ಅಕ್ಕ, ನಾನು ಇದ್ದೆವು. ಮರುದಿನ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಮದುವೆಗೆ ಹೋಗಬೇಕು. ಕಾರಿನ ಹಾರ್ನ್ ಮಳೆನೀರು ಕುಡಿದು ಕೆಟ್ಟಿತ್ತು. ಭಾವನ ಕಿವಿ ಮಂದವಾಗಿದೆ, ಗಾಡಿ ತಾನೇ ನಡೆಸುತ್ತೇನೆ ಎಂದು, ತನ್ನ ನಿವೃತ್ತಿಯ ನಂತರ ಡ್ರೈವಿಂಗ್ ಕಲಿತಿದ್ದ ಅಕ್ಕನ ಹಟ. ಕಿವಿಗೇನೂ ಆಗಿಲ್ಲ ಎಂದು ಭಾವನ ವಾದ. ವಾರದಿಂದ ಇದೇ ಜಗಳ.

ಕೆಲಸದಲ್ಲಿ ಭಾವ ಕ್ರಮ ತಪ್ಪುವವರಲ್ಲ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದರು. ಬಿಚ್ಚಿದ ನಟ್ಟುಗಳನ್ನು ಅದೇ ಸಾಲಿನಲ್ಲಿ ಟವೆಲ್ ಮೇಲಿಟ್ಟರು. ನೀರು ನಿಲ್ಲದಂತೆ ಹೊಸ ಜೋಡಿ ಹಾರ್ನುಗಳನ್ನು ಬಾಯಿ ಕೆಳಗೆ ಮಾಡಿ ಕೂರಿಸಿದರು. ಹಾರ್ನಿಗೆ ಬ್ಯಾಟರಿಯಿಂದಲೇ ಕರೆಂಟು ಕೊಡಿಸುವ ರಿಲೇ ಬೇಡ, ಹಳೆಯ ವೈರೇ ಸಾಕು ಎಂದು ನೇರವಾಗಿ ಕೂಡಿಸಿ, ಬ್ಯಾಟರಿ ಜೋಡಿಸಿ, ಸ್ಟೇರಿಂಗ್ ಮುಂದೆ ಕೂತಿದ್ದ ಅಕ್ಕನಿಗೆ "ಒತ್ತು" ಎಂದರು.

ಅಕ್ಕ ಒತ್ತಿದಳು. ಆ ತೆಳು ವೈರು ಎರಡು ಹಾರ್ನಿಗೆ ಸಾಲಲಿಲ್ಲ. ಸದ್ದು ಬಂತು ಎನ್ನಬೇಕು, ಅಷ್ಟೇ.

"ಭಾರೀ ಬಂತಲ್ಲ!" ಎಂದರು ಭಾವ.

ಅಕ್ಕನೂ ನಾನೂ ಮುಖ ನೋಡಿಕೊಂಡೆವು. ಭಾವ ಅದನ್ನು ಕಂಡರು.

"ಬರಲಿಲ್ಲೇನು?"

"ಎಮ್ಮಿ ಕರ ಕೆಮ್ಮಿದಂಗಾತ್ರಿ" ಎಂದಳು ಅಕ್ಕ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ.

ಭಾವ ಒಳಗೆ ಹೋಗಿ ರಿಲೇ ತಂದರು. ಮತ್ತೆ ಮೈನಸ್ ಬಿಚ್ಚಿದರು. ಬ್ಯಾಟರಿಯಿಂದ ಫ್ಯೂಸ್ ದಾಟಿ ರಿಲೇಗೆ, ಅಲ್ಲಿಂದ ಹಾರ್ನುಗಳಿಗೆ ದಪ್ಪ ವೈರು ಎಳೆದರು. ಹಳೆಯ ತೆಳು ವೈರನ್ನು ರಿಲೇಗೆ ಸಿಕ್ಕಿಸಿದರು. "ಸಣ್ಣ ವೈರು ಸುದ್ದಿ ಮುಟ್ಟಸ್ತೈತಿ ಅಷ್ಟ, ತಮ್ಮಾ. ಭಾರ ದಪ್ಪಂದು ಹೊರ್ತೈತಿ." ಅರ್ಥಿಂಗ್ ವೈರು ಬಿಗಿಯುವ ಮುನ್ನ, ಕರೆಂಟು ತಡೆಯದಂತೆ ಬಾಡಿಯ ಬಣ್ಣ ಕೆರೆಯುವುದನ್ನೂ ಮರೆಯಲಿಲ್ಲ.

ಈ ಸಲ ಬ್ಯಾಟರಿ ಜೋಡಿಸಿದ ಮೇಲೆ, "ಒತ್ತು" ಎನ್ನುವ ಮೊದಲು ಅಂಗೈಯನ್ನು ಹಾರ್ನಿನ ಬೆನ್ನಿಗೆ ಇಟ್ಟರು. ಅಕ್ಕ ಒತ್ತಿದಳು. ಎದುರುಮನೆಯ ಕಾಗೆಗಳೆಲ್ಲ ಎದ್ದವು.

"ಈಗ ಬಂತು" ಎಂದರು, ತಮ್ಮ ಕೈಯನ್ನೇ ನೋಡುತ್ತ.

ಅಕ್ಕ ಇಳಿಯಹೊರಟಳು. ಭಾವ ತಡೆದರು: "ಅಲ್ಲೇ ಕುಂದ್ರು. ಹಾರ್ನ್ ಹಾಕಿದ ಮ್ಯಾಲೆ ಜವಾಬು ಕೇಳಬೇಕು. ನನಗ ಕೇಳೂದಿಲ್ಲ."

"ಮತ್ತ ನೀವು?"

"ನಾನು ಟಿಕೆಟ್ ಇಲ್ಲದ ಪ್ಯಾಸೆಂಜರ್."

ಭಾವ ಈಗಿಲ್ಲ. ಹಾರ್ನ್ ಇದೆ. ಘಟ್ಟದಲ್ಲಿ ಅಕ್ಕ ಒತ್ತಿ ಕಿವಿಗೊಡುತ್ತಾಳೆ, ಪಕ್ಕದಲ್ಲಿ ನಾನು ಮಾತು ನಿಲ್ಲಿಸುತ್ತೇನೆ. ಸೋತದ್ದನ್ನು ಭಾವನಷ್ಟು ಅಚ್ಚುಕಟ್ಟಾಗಿ ಒಪ್ಪಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಆ ದಿನ ಒಂದು ಕೆಲಸ ಉಳಿದಿತ್ತು. ಭಾವ ಕೈ ತೊಳೆದು ಬಂದು, ಡ್ರೈವರ್ ಸೀಟನ್ನು ಅಕ್ಕನ ಕಾಲಳತೆಗೆ ಮುಂದಕ್ಕೆ ಸರಿಸಿದರು. ಕನ್ನಡಿಯನ್ನು ಅವಳ ಕಣ್ಣಿಗೆ ತಿರುಗಿಸಿದರು. ಊಟಕ್ಕೆ ಮೊದಲು ಅದೂ ಮುಗಿಯಿತು.