ಕೌದಿಯ ತೆರೆದ ಮೂಲೆ

ನಮ್ಮ ಹಿರೇಹಡಗಲಿಯ ಮನೆಯ ಪಡಸಾಲೆಯಲ್ಲಿ, ಮೂರು ಮೂಲೆ ಹೊಲಿದು ಒಂದನ್ನು ಹಾಗೇ ಬಿಟ್ಟ ಹುಟ್ಟಲಿರುವ ಕೂಸಿನ ಪುಟ್ಟ ಕೌದಿಯೊಂದು ಮಡಚಿಕೊಂಡು ಕೂತಿತ್ತು. ಹಳೇ ಬಟ್ಟೆಗಳನ್ನು ಪದರಪದರವಾಗಿ ಹಾಸಿ ಹೊಲಿಯುವ ಈ ಹೊದಿಕೆಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಹೋಳಿಗೆಯ ಚೂರು ಇಡುವುದು ನಮ್ಮವ್ವನ ರೂಢಿ. ಹಸಿದ ಕೌದಿ ಬೆಚ್ಚಗಿಡುವುದಿಲ್ಲವಂತೆ. ಆದರೆ ಹೋಳಿಗೆ ಮಾಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಹೆಂಡತಿ ಗಿರಿಜಾಳ ಮೊದಲ ಬಸಿರು ಉಳಿದಿರಲಿಲ್ಲ. ಈ ಸಲದ ಸ್ಕ್ಯಾನಿಂಗಿನಲ್ಲೂ ಎದೆಬಡಿತ ಕಾಣದೆ, "ಇನ್ನೂ ಭಾಳ ಬೇಗ ಆತು, ಎರಡು ವಾರ ಬಿಟ್ಟು ಬರ್ರಿ" ಎಂದಿದ್ದರು ಡಾಕ್ಟರು.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ಆ ಎರಡು ವಾರ ನನ್ನ ಪಾಠದಲ್ಲೇ ಅಡಗಿ ಕೂತೆ. ನಿಮಗೂ ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾವೆಲ್ಲರೂ ಒಂದು ಕಾಲಕ್ಕೆ ತಲೆಯಿಲ್ಲದ, ಕೈಕಾಲಿಲ್ಲದ, ಜೀವಕೋಶಗಳ ಚಪ್ಪಟೆ ತಟ್ಟೆಯಾಗಿದ್ದೆವು. ಮೂರನೇ ವಾರ ಅದರ ಮೇಲೆ ತೆಳುವಾದ ಗೆರೆಯೊಂದು ಮೂಡಿ, ಕೋಶಗಳು ಯಾರೋ ಕರೆದಂತೆ ಅದರತ್ತ ಸರಿದು, ಒಳಗಿಳಿದು, ಕೆಳಗೆ ಹರಡಿಕೊಂಡು ಮೂರು ಪದರಗಳಾಗುತ್ತವೆ. ಮೇಲೆಯೇ ಉಳಿದವು ಚರ್ಮ, ಮಿದುಳು; ಆಳಕ್ಕಿಳಿದವು ಕರುಳು, ಶ್ವಾಸಕೋಶ; ನಡುವೆ ನಿಂತವು ಎಲುಬು, ನೆತ್ತರು, ಹೃದಯ. ಇಷ್ಟು ದೊಡ್ಡ ವಲಸೆ ನಡೆಯುವಾಗ ತಾಯಿಗೆ ಸುದ್ದಿಯೇ ಇರುವುದಿಲ್ಲ. ನಮ್ಮ ಗಿರಿಜಾ ಬಹುಶಃ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದಳು. ಎಂಥ ಸೊಗಸು ನೋಡಿ!

ಇದನ್ನೆಲ್ಲ ಕೇಳಿಸಿಕೊಂಡ ಅವ್ವ, "ಎದಿ ಯಾವ ಪದರದಾಗ ಹುಟ್ಟತೈತೋ?" ಎಂದಳು.

ನಡುವಿನದರಲ್ಲಿ ಎಂದೆ. ಮರುದಿನ ನೋಡಿದರೆ, ಕೌದಿಯ ಹೊಲಿಗೆಯನ್ನೆಲ್ಲ ಬಿಚ್ಚಿ, ನಡುವೆ ತನ್ನ ಮದುವೆಯ ಸೀರೆಯನ್ನು ಹಾಸಿಕೊಂಡು ಕೂತಿದ್ದಾಳೆ!

"ಅಲ್ಲಿಟ್ಟರ ಯಾರಿಗೂ ಕಾಣಂಗಿಲ್ಲಲ್ಲವ್ವ" ಎಂದೆ.

"ಎದಿ ಏನು ಹೊರಗ ಕಾಣತೈತೇನು?" ಎನ್ನುತ್ತ ಸೂಜಿಗೆ ದಾರ ಪೋಣಿಸಿದಳು. ಮತ್ತೆ ಮೂರು ಮೂಲೆ ಹೊಲಿದು, ನಾಲ್ಕನೆಯದನ್ನು ಹಾಗೇ ಬಿಟ್ಟಳು.

ಎರಡು ವಾರ ಬಿಟ್ಟು ಹೋದಾಗ ಸ್ಕ್ಯಾನಿಂಗಿನ ಪರದೆಯ ಮೇಲೆ ಕಾಳಿನಷ್ಟು ಬೆಳಕೊಂದು ಮಿಟುಕುತ್ತಿತ್ತು. ತಾಸುಗಟ್ಟಲೆ ಪಾಠ ಮಾಡುವ ನಾನು ಖುಷಿಗೆ ಅತ್ತುಬಿಟ್ಟೆ. ಫೋನಿನಲ್ಲಿ ಸುದ್ದಿ ಕೇಳಿದ ಅವ್ವ, ನಾವು ಊರು ಮುಟ್ಟುವಷ್ಟರಲ್ಲಿ ಹೂರಣ ರುಬ್ಬಿ ಹಂಚು ಕಾಯಿಸಿದ್ದಳು. ಗಿರಿಜಾ ಮೊದಲ ಹೋಳಿಗೆಯನ್ನು ತುಪ್ಪದೊಂದಿಗೆ ಮುಗಿಸಿ ಎರಡನೆಯದಕ್ಕೆ ಕೈ ಹಾಕುತ್ತಿದ್ದಂತೆ, ಅವ್ವ ಕೌದಿಯ ತೆರೆದ ಮೂಲೆಯನ್ನು ಅವಳ ಮುಂದೆ ಹಿಡಿದಳು.

"ಎಲ್ಲಾ ನೀನs ತಿನಬ್ಯಾಡವ್ವ, ಇದಕ್ಕೂ ಒಂಚೂರು ಕೊಡು. ಭಾಳ ದಿನದಿಂದ ಹಸಿದೈತಿ."

ಗಿರಿಜಾ ನಗುತ್ತಲೇ ಮುರಿದು ಕೊಟ್ಟಳು. ಅವ್ವ ಆ ಚೂರನ್ನು ನಡುವಿನ ಪದರದಲ್ಲಿಟ್ಟು ಮೂಲೆ ಹೊಲಿದಳು.